ಮೊದಲು ಕಾರು ಸರಿಹೋಗಲಿ, ಆಮೇಲೆ ಜೋರು

ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಾರಿನ ಬಗ್ಗೆ ಇವೆ. ಮಾಜ್ದಾ ಮಿಯಾಟಾ. ಅಮೆರಿಕದಲ್ಲಿ ಈ ಹೆಸರು, ಯುರೋಪಿನಲ್ಲಿ ಎಂಎಕ್ಸ್-5, ಜಪಾನಿನಲ್ಲಿ ಮೊದಲಿಗೆ ಯೂನೋಸ್ ರೋಡ್‌ಸ್ಟರ್. ಎರಡೇ ಸೀಟು, ಮಡಚುವ ಬಟ್ಟೆ ಟಾಪು, ಎಂಜಿನ್ ಮುಂದೆ, ಡ್ರೈವ್ ಹಿಂದಿನ ಚಕ್ರಕ್ಕೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ತೋರಿಸಿದರು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು. ಇಷ್ಟು ಸಂಖ್ಯೆಯಲ್ಲಿ ಮಾರಾಟವಾದ, ಟಾಪು ತೆರೆಯುವ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಬೇರೆ ಇಲ್ಲ. ಭಾರತಕ್ಕೆ ಕಂಪನಿ ಇದನ್ನು ತರಲೇ ಇಲ್ಲ. ಹಾಗಾಗಿ ಪತ್ರ ಬರೆದವರಲ್ಲಿ ಹೆಚ್ಚಿನವರು ಹೊರದೇಶದಲ್ಲಿರುವ ನಮ್ಮವರು.

ನನ್ನ ಹತ್ತಿರವೂ ಒಂದಿದೆ. 1992ರ ಕೆಂಪು ಮಿಯಾಟಾ, 1.6 ಲೀಟರ್ ಎಂಜಿನ್. ನಾನಿರುವುದು ಮಿಷಿಗನ್‌ನಲ್ಲಿ. ಪಾನಾ ಹಿಡಿಯೋದು ಕಲಿತಿದ್ದು ತಿಪಟೂರಿನಲ್ಲಿ, ಅಪ್ಪನ ಗ್ಯಾರೇಜಿನಲ್ಲಿ. ಕೆಳಗೆ ಹೇಳಿರುವುದೆಲ್ಲ 1989ರಿಂದ 1997ರವರೆಗಿನ, ಹೆಡ್‌ಲೈಟ್ ಮೇಲೆದ್ದು ಬರುವ ಮೊದಲ ತಲೆಮಾರಿನ ಕಾರಿಗೆ ಅನ್ವಯಿಸುತ್ತದೆ. ಕೊನೆಯಲ್ಲಿ ಬೆಂಗಳೂರಿನ ಒಂದು ಫಿಯಟ್ ಪಾಲಿಯೋ ಕಾರು ಕೂಡ ಇದೆ.

ಪ್ರಶ್ನೆ: 1993ರ ಮಿಯಾಟಾ ತಗೊಂಡೆ. 1,40,000 ಮೈಲಿ ಓಡಿದೆ. ಸರ್ವೀಸ್ ಮಾಡಿಸಿದ ಚೀಟಿ ಒಂದೂ ಇಲ್ಲ. ಮಾರಿದವರು ‘ಎಲ್ಲಾ ಸರಿಯಾಗಿದೆ’ ಎಂದರು. ಕಾಯಿಲ್ ಓವರ್ ಸಸ್ಪೆನ್ಶನ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಮತ್ತು ಹೊಸ ಸೈಲೆನ್ಸರ್ ಆರ್ಡರ್ ಮಾಡಬೇಕು ಅಂತಿದ್ದೇನೆ. ಯಾವುದು ಮೊದಲು? — ಓದುಗರು, ಫ್ರೀಮಾಂಟ್

ಎರಡೂ ಬೇಡ. ಈಗಲೇ ಬೇಡ. ಚೀಟಿ ಇಲ್ಲ ಎಂದರೆ ಕೆಲಸ ಆಗಿಲ್ಲ ಅಂತಲೇ ಲೆಕ್ಕ ಹಿಡಿಯಿರಿ. ನಿಮ್ಮ ಕಾರಿಗೆ ಮೂವತ್ತು ದಾಟಿದೆ. ಅದರಲ್ಲಿ ಎಂಜಿನ್ ಕಬ್ಬಿಣಕ್ಕಿಂತ ಮೊದಲು ಮುದಿಯಾಗಿರುವುದು ರಬ್ಬರ್ ಮತ್ತು ಪ್ಲಾಸ್ಟಿಕ್. ಹೊಸ ಸಸ್ಪೆನ್ಶನ್ ಹಾಕಿ ಹಳೇ ಟೈರಿನ ಮೇಲೆ ಓಡಿಸಿದರೆ ನಿಮಗೆ ಗೊತ್ತಾಗುವುದು ಹಳೇ ಟೈರಿನ ಗುಣ ಅಷ್ಟೇ.

ಟೈರಿನಿಂದಲೇ ಶುರು ಮಾಡಿ. ಪಕ್ಕದ ಗೋಡೆಯಲ್ಲಿ ಡಾಟ್ ಎಂದು ಶುರುವಾಗುವ ಸಾಲು ಇರುತ್ತೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. ಮೊದಲೆರಡು ವಾರ, ನಂತರದ ಎರಡು ವರ್ಷ. 2314 ಎಂದಿದ್ದರೆ 2014ರ ಇಪ್ಪತ್ಮೂರನೇ ವಾರ ತಯಾರಾದದ್ದು. ಇಂಥ ಕಾರುಗಳು ಕಡಿಮೆ ಓಡುತ್ತವೆ, ಅದಕ್ಕೇ ಟೈರಿನ ಮೇಲಿನ ಗೀರು ಆಳವಾಗಿಯೇ ಉಳಿದಿರುತ್ತೆ. ಆದರೆ ರಬ್ಬರ್ ಗಟ್ಟಿಯಾಗಿ, ಮಳೆ ಬಂದಾಗ ಹಿಡಿತವೇ ಇರುವುದಿಲ್ಲ. ಹಿಂದಿನ ಚಕ್ರ ತಳ್ಳುವ ಹಗುರ ಕಾರಿನಲ್ಲಿ ಅದು ಅಪಾಯ. ಈ ಕಾರಿನ ಮೂಲ ಅಳತೆ 185/60, 14 ಇಂಚು. ಗಾಳಿ 26 ಪಿಎಸ್ಐ ಸಾಕು. ಟೈರ್ ಅಂಗಡಿಯವರು ಅಭ್ಯಾಸಬಲದಿಂದ 35 ತುಂಬಿಸಿ ಕಳಿಸುತ್ತಾರೆ. ಮನೆಗೆ ಬಂದು ಇಳಿಸಿ. ಕಾರಿನ ನಡತೆಯೇ ಬದಲಾಗುತ್ತೆ.

ಆಮೇಲೆ ಟೈಮಿಂಗ್ ಬೆಲ್ಟ್. 60,000 ಮೈಲಿಗೊಮ್ಮೆ ಬದಲಿಸಬೇಕು. ಈ ತಲೆಮಾರಿನ ಮಿಯಾಟಾದಲ್ಲಿ ಬೆಲ್ಟ್ ಹರಿದರೂ ಪಿಸ್ಟನ್ ವಾಲ್ವಿಗೆ ಹೊಡೆಯುವುದಿಲ್ಲ. ಎಂಜಿನ್ ಉಳಿಯುತ್ತೆ. ಆದರೆ ನೀವು ಹೈವೇ ಮಧ್ಯೆ ನಿಲ್ಲುತ್ತೀರಿ, ಅಲ್ವಾ? ಬೆಲ್ಟ್ ಬಿಚ್ಚಿದಾಗಲೇ ವಾಟರ್ ಪಂಪು, ಟೆನ್ಶನರ್, ಕ್ಯಾಮ್ ಸೀಲು, ಕ್ರ್ಯಾಂಕ್ ಮುಂಭಾಗದ ಸೀಲು ಎಲ್ಲವನ್ನೂ ಬದಲಿಸಿ. ಅಲ್ಲಿಗೆ ಕೈ ಹೋಗುವಷ್ಟು ಬಿಚ್ಚುವುದೇ ಅರ್ಧ ದಿನದ ಕೆಲಸ. ಅದೇ ಕೆಲಸಕ್ಕೆ ಎರಡು ಸಲ ಕೂಲಿ ಕೊಡೋದು ಯಾಕೆ?

ಬಾನೆಟ್ ಎತ್ತಿದಾಗ ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ತೊಟ್ಟಿ ನೋಡಿ. ಹೊಸದರಲ್ಲಿ ಅದು ಅಚ್ಚ ಕಪ್ಪು. ವರ್ಷಗಳ ಬಿಸಿ ತಿಂದು ಮೊದಲು ಕಂದು, ಆಮೇಲೆ ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತೆ. ಆ ಬಣ್ಣ ಬಂದಿದೆಯೆಂದರೆ ಯಾವತ್ತು ಬೇಕಾದರೂ ಸೀಳಬಹುದು. ಸೋರುತ್ತಿಲ್ಲವಲ್ಲ ಎಂದು ಕಾಯಬೇಡಿ. ರೇಡಿಯೇಟರ್, ಥರ್ಮೋಸ್ಟಾಟ್, ಎಲ್ಲಾ ಹೋಸ್ ಪೈಪು, ಹೊಸ ಕೂಲೆಂಟ್ ಒಟ್ಟಿಗೇ ಹಾಕಿ. ಹೆಡ್ಡಿನ ಹಿಂದೆ ಹೀಟರಿಗೆ ಹೋಗುವ ಸಣ್ಣ ಹೋಸುಗಳಿವೆ. ಅವು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ಇದು ಅಲ್ಯೂಮಿನಿಯಂ ಹೆಡ್ಡು. ಒಂದು ಸಲ ಚೆನ್ನಾಗಿ ಬಿಸಿಯಾಗಿ ಬಾಗಿದರೆ ಖರ್ಚು ಎಲ್ಲಿಗೋ ಹೋಗುತ್ತೆ.

ಬ್ರೇಕ್ ಆಯಿಲ್ ಪೂರ್ತಿ ಹೊಸದು ಹಾಕಿ. ಅದು ಗಾಳಿಯ ತೇವ ಹೀರುತ್ತೆ, ತೇವ ಸೇರಿದ ಆಯಿಲ್ ಜಾಸ್ತಿ ಬ್ರೇಕ್ ಹಾಕಿದಾಗ ಕುದಿದು ಪೆಡಲ್ ಮೆತ್ತಗಾಗುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸುವ ರೂಢಿ ಮಾಡಿಕೊಳ್ಳಿ. ಕ್ಲಚ್ಚಿಗೆ ಬೇರೆ ಡಬ್ಬಿ ಇದೆ, ಅದನ್ನೂ ಮರೆಯಬೇಡಿ. ಆ ಡಬ್ಬಿಯ ಆಯಿಲ್ ಕಪ್ಪಾಗಿದ್ದರೆ ಅಥವಾ ಇಳಿದಿದ್ದರೆ ಕೆಳಗೆ ಕ್ಲಚ್ ಒತ್ತುವ ಸ್ಲೇವ್ ಸಿಲಿಂಡರ್ ಕೊನೆಗಾಲದಲ್ಲಿದೆ ಎಂದರ್ಥ. ಈ ಕಾರುಗಳಲ್ಲಿ ಅದು ಮಾಮೂಲಿ. ಒಂದು ದಿನ ಪೆಡಲ್ ನೆಲಕ್ಕಂಟಿ ಗೇರ್ ಬೀಳುವುದೇ ನಿಂತುಹೋಗುತ್ತೆ. ಭಾಗ ಅಗ್ಗ, ಕೆಲಸವೂ ಸುಲಭ. ಮೊದಲೇ ಹಾಕಿ.

ಇನ್ನು ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯ 75ಡಬ್ಲ್ಯೂ-90 ಆಯಿಲ್. ಗೇರ್ ಕಡ್ಡಿಯ ಬುಡದಲ್ಲಿ ಚಿಕ್ಕ ಬಾವಿಯಂತೆ ಒಂದು ಜಾಗ ಇದೆ. ಅದಕ್ಕೆ ಬೇರೆಯಾಗಿಯೇ ಆಯಿಲ್ ಹಾಕಬೇಕು. ಅಲ್ಲಿನ ಕೆಳಗಿನ ರಬ್ಬರ್ ಬೂಟು ಬಹುಪಾಲು ಕಾರುಗಳಲ್ಲಿ ಹರಿದಿರುತ್ತೆ. ಅದಕ್ಕೇ ಬೇಸಿಗೆಯಲ್ಲಿ ಕಡ್ಡಿಯ ಸುತ್ತ ಕಾಲಿಗೆ ಬಿಸಿಗಾಳಿ ಹೊಡೆಯುತ್ತೆ, ಗೇರ್ ಬೀಳುವುದೂ ಒರಟಾಗುತ್ತೆ. ಬೂಟು ಬದಲಿಸಿ, ಆಯಿಲ್ ತುಂಬಿಸಿ ಮೊದಲ ಸಲ ಎರಡನೇ ಗೇರಿಗೆ ಎಳೆದಾಗ ಕೈಗೆ ಬರುವ ‘ಟಕ್’ ಇದೆಯಲ್ಲ, ಈ ಕಾರಿಗೆ ಇಷ್ಟೊಂದು ಜನ ಯಾಕೆ ಮನಸೋತಿದ್ದಾರೆ ಅಂತ ಆಗ ಗೊತ್ತಾಗುತ್ತೆ.

ಇಷ್ಟೆಲ್ಲ ಆದ ಮೇಲೆ ಒಂದಷ್ಟು ತಿಂಗಳು ಹಾಗೇ ಓಡಿಸಿ. ಸೈಲೆನ್ಸರ್ ಆಮೇಲೆ ನೋಡೋಣ.

ಪ್ರಶ್ನೆ: ನನ್ನದು 1991ರ ಕಾರು. ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಕಡೆ ಆಯಿಲ್ ತೊಟ್ಟಿಕ್ಕುತ್ತಿದೆ. ಗ್ಯಾರೇಜಿನವರು ಕ್ರ್ಯಾಂಕಿನ ಹಿಂದಿನ ಸೀಲು ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು ಎಂದು ದೊಡ್ಡ ಮೊತ್ತ ಹೇಳಿದ್ದಾರೆ. ಒಪ್ಪಿಕೊಳ್ಳಲಾ? — ಓದುಗರು, ಆಸ್ಟಿನ್

ದಯವಿಟ್ಟು ಒಂದು ವಾರ ತಡೆಯಿರಿ. ಈ ಕಾರಿನಲ್ಲಿ ಆ ಜಾಗದಲ್ಲಿ ಕಾಣುವ ಆಯಿಲ್ ಎಷ್ಟೋ ಸಲ ಮೇಲಿನಿಂದ ಇಳಿದು ಬಂದಿರುತ್ತೆ.

ಬಾನೆಟ್ ಎತ್ತಿ, ಎಂಜಿನ್ ಹೆಡ್ಡಿನ ಹಿಂಭಾಗಕ್ಕೆ, ಅಂದರೆ ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು) ಕಡೆಗೆ ಟಾರ್ಚ್ ಹಿಡಿಯಿರಿ. ಅಲ್ಲಿ ವೈರ್ ಚುಚ್ಚಿರುವ ಒಂದು ದುಂಡನೆ ಭಾಗ ಇದೆ. ಕ್ಯಾಮ್ ಆಂಗಲ್ ಸೆನ್ಸರ್. ಅದು ಹೆಡ್ಡಿನೊಳಗೆ ಕೂರುವ ಕಡೆ ಒಂದು ಓ-ರಿಂಗ್, ಅಂದರೆ ರಬ್ಬರ್ ಉಂಗುರ ಇದೆ. ಅಲ್ಲಿಂದ ಸೋರಿದ ಆಯಿಲ್ ಎಂಜಿನ್ನಿನ ಬೆನ್ನಿನ ಮೇಲೆ ಹರಿದು ನೇರ ಗೇರ್ ಬಾಕ್ಸಿನ ಗಂಟೆಯಾಕಾರದ ಭಾಗದ ಮೇಲೆ ಇಳಿಯುತ್ತೆ. ಕೆಳಗೆ ಮಲಗಿ ನೋಡಿದವರಿಗೆ ಹಿಂದಿನ ಸೀಲೇ ಸೋರಿದಂತೆ ಕಾಣುತ್ತೆ. ಅವರು ಮೋಸ ಮಾಡುತ್ತಿದ್ದಾರೆ ಎಂದು ಹೇಳುತ್ತಿಲ್ಲ. ಈ ಕಾರನ್ನು ದಿನಾ ನೋಡದವರಿಗೆ ಹಾಗೆ ಅನಿಸುವುದು ಸಹಜ.

ಸೆನ್ಸರಿನ ಅಡಿಗೆ ಬೆರಳು ತೂರಿಸಿ. ಒದ್ದೆಯಾಗಿದ್ದರೆ ಕಳ್ಳ ಸಿಕ್ಕಿದ. ಬಿಚ್ಚುವ ಮೊದಲು ಸೆನ್ಸರಿನ ಮೇಲೂ ಹೆಡ್ಡಿನ ಮೇಲೂ ಸೇರುವಂತೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಇದನ್ನು ತಪ್ಪಿಸಬೇಡಿ. ಆ ಸೆನ್ಸರ್ ತಿರುಗಿದರೆ ಇಗ್ನಿಶನ್ ಟೈಮಿಂಗ್ ಬದಲಾಗುತ್ತೆ. ಹಿಡಿದಿರುವುದು 12 ಎಂಎಂ ತಲೆಯ ಒಂದೇ ಬೋಲ್ಟು. ಜಾಗ ಇಕ್ಕಟ್ಟು, ಕೈ ತರಚುತ್ತೆ, ತಾಳ್ಮೆ ಬೇಕು. ಹೊರಗೆ ಬಂದ ಹಳೇ ಓ-ರಿಂಗ್ ನೋಡಿ. ಹೊಸದು ದುಂಡಗೆ, ಮೆತ್ತಗೆ ಇರುತ್ತೆ. ಹಳೆಯದು ಎರಡೂ ಕಡೆ ಚಪ್ಪಟೆಯಾಗಿ, ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ, ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತೆ. ಹೊಸದಕ್ಕೆ ಸ್ವಲ್ಪ ಎಂಜಿನ್ ಆಯಿಲ್ ಸವರಿ ಕೂರಿಸಿ, ಗೆರೆಗೆ ಗೆರೆ ಸೇರಿಸಿ ಬೋಲ್ಟು ಬಿಗಿ ಮಾಡಿ. ಒಂದೆರಡು ಡಾಲರಿನ ಭಾಗ.

ನಂತರ ಎಂಜಿನ್ ಹಿಂಭಾಗ ಮತ್ತು ಗೇರ್ ಬಾಕ್ಸ್ ಮೇಲಿನ ಜಿಡ್ಡನ್ನೆಲ್ಲ ತೊಳೆದು ಒಂದು ವಾರ ಓಡಿಸಿ. ಆಮೇಲೂ ಆಯಿಲ್ ಬಂದರೆ ವಾಲ್ವ್ ಕವರ್ ಗ್ಯಾಸ್ಕೆಟ್ ನೋಡಿ. ಅದೂ ಒಣಗಿದ್ದರೆ ಮಾತ್ರ ಹಿಂದಿನ ಸೀಲಿನ ಮಾತು.

ನಿಮ್ಮದು 1991ರದ್ದು ಆಗಿರುವುದರಿಂದ ಇನ್ನೊಂದನ್ನು ನೋಡಲೇಬೇಕು. 1990ರ ಕಾರುಗಳು ಮತ್ತು 1991ರ ಮೊದಲ ಭಾಗದ ಕಾರುಗಳಲ್ಲಿ ಕ್ರ್ಯಾಂಕಿನ ಮುಂದಿನ ಮೂತಿ ಗಿಡ್ಡ. ಅಲ್ಲಿ ಕೀಲಿ ಕೂರುವ ತೋಡು ಸವೆದು ಪುಲ್ಲಿ ಅಲ್ಲಾಡತೊಡಗುತ್ತೆ, ಟೈಮಿಂಗ್ ಹಾಳಾಗುತ್ತೆ. ಗುರುತು ಹಿಡಿಯುವುದು ಸುಲಭ. ಮುಂದಿನ ಕ್ರ್ಯಾಂಕ್ ಪುಲ್ಲಿಯಲ್ಲಿ ಸೀಳುಗಳನ್ನು ಎಣಿಸಿ. ನಾಲ್ಕಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ. ನಾಲ್ಕಿದ್ದರೆ ಹೆದರಬೇಡಿ, ಅಂಥ ಎಷ್ಟೋ ಎಂಜಿನ್ನುಗಳು ಇವತ್ತಿಗೂ ಓಡುತ್ತಿವೆ. ಎಂಜಿನ್ ನಡೆಯುವಾಗ ಪುಲ್ಲಿ ಓಲಾಡುತ್ತಿದೆಯೇ ನೋಡಿ. ಟೈಮಿಂಗ್ ಬೆಲ್ಟ್ ಮಾಡುವಾಗ ಮಧ್ಯದ ಬೋಲ್ಟನ್ನು ಹೇಳಿದ ಅಳತೆಗೇ, ಟಾರ್ಕ್ ಪಾನಾದಲ್ಲೇ ಬಿಗಿ ಮಾಡಿಸಿ, ಆ ಬೋಲ್ಟ್ ಹೊಸದನ್ನೇ ಹಾಕಿಸಿ.

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಮೇಲಿನಿಂದ ಟಿಕ್ ಟಿಕ್ ಶಬ್ದ. ಹತ್ತು ನಿಮಿಷಕ್ಕೆ ಹೋಗುತ್ತೆ. ಎಂಜಿನ್ ಹೋಯಿತಾ? — ಓದುಗರು, ಷಾರ್ಲೆಟ್

ಇಲ್ಲ. ಈ ತಲೆಮಾರಿನ ಎಂಜಿನ್ನಿನಲ್ಲಿ ವಾಲ್ವಿನ ಸಂದನ್ನು ಆಯಿಲ್ ಒತ್ತಡವೇ ಸರಿಹೊಂದಿಸುತ್ತೆ. ರಾತ್ರಿ ಆ ಚಿಕ್ಕ ಭಾಗಗಳಿಂದ ಆಯಿಲ್ ಇಳಿದುಹೋದರೆ ಬೆಳಿಗ್ಗೆ ತುಂಬುವವರೆಗೂ ಟಿಕ್ ಟಿಕ್. ಒಳ್ಳೆಯ ಸಿಂಥೆಟಿಕ್ ಆಯಿಲ್ ಹಾಕಿ, ಎರಡು ಸಲ ಬೇಗ ಬೇಗ ಬದಲಿಸಿ. ಬಹಳಷ್ಟು ಕಡಿಮೆಯಾಗುತ್ತೆ. ಬಿಸಿಯಾದ ಮೇಲೂ ಶಬ್ದ ನಿಲ್ಲದಿದ್ದರೆ, ಅಥವಾ ಶಬ್ದ ಎಂಜಿನ್ನಿನ ಕೆಳಗಿನಿಂದ ಬಂದರೆ ಮಾತ್ರ ಗಾಬರಿ. ಒಂದು ಮಾತು: 1990ರಿಂದ 1994ರವರೆಗಿನ ಕಾರಿನಲ್ಲಿ ಆಯಿಲ್ ಒತ್ತಡದ ಮುಳ್ಳು ನಿಜವಾದ ಒತ್ತಡ ತೋರಿಸುತ್ತೆ. 1995ರಿಂದ ಅದು ಹೆಸರಿಗೆ ಮಾತ್ರ, ಒತ್ತಡ ಇದ್ದರೆ ಮಧ್ಯದಲ್ಲಿ ನಿಲ್ಲುತ್ತೆ ಅಷ್ಟೇ. ಹಳೇ ಕಾರಿನವರು ಮುಳ್ಳು ಮೇಲೆ ಕೆಳಗೆ ಆಡುವುದನ್ನು ನೋಡಿ ಹೆದರಬೇಡಿ, ಅದು ಆಡಲೇಬೇಕು.

ಪ್ರಶ್ನೆ: 116 ಕುದುರೆ ಶಕ್ತಿ ಸಾಲುತ್ತಿಲ್ಲ. ನಮ್ಮ ಮನೆಯ ಫ್ಯಾಮಿಲಿ ಕಾರೇ ಇದಕ್ಕಿಂತ ಜೋರು. ಟರ್ಬೋ ಹಾಕಿಸಬೇಕು. ಬಜೆಟ್ ಇದೆ. — ಓದುಗರು, ಎಡಿಸನ್, ನ್ಯೂಜೆರ್ಸಿ

ಆಸೆ ಅರ್ಥವಾಗುತ್ತೆ. ಟರ್ಬೋ ಹಾಕಿದ ಮಿಯಾಟಾ ಓಡಿಸಿದ್ದೇನೆ, ಚೆನ್ನಾಗಿರುತ್ತೆ. ಆದರೆ ಟರ್ಬೋ ಒಂದೇ ಬರುವುದಿಲ್ಲ. ಇಂಧನ ಮತ್ತು ಟೈಮಿಂಗ್ ನಿಭಾಯಿಸಲು ಬೇರೆ ಕಂಪ್ಯೂಟರ್ ಬೇಕು. ದೊಡ್ಡ ಇಂಜೆಕ್ಟರ್ ಬೇಕು. ಕ್ಲಚ್ ಜಾರುತ್ತೆ, ಅದನ್ನು ಬದಲಿಸಬೇಕು. ಬಿಸಿ ಜಾಸ್ತಿ, ರೇಡಿಯೇಟರ್ ದೊಡ್ಡದಾಗಬೇಕು. 1.6 ಲೀಟರಿನ ಕಾರುಗಳ ಹಿಂದಿನ ಡಿಫರೆನ್ಶಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರು) ಚಿಕ್ಕದು, ಅಷ್ಟು ಹೊಡೆತ ತಾಳುವುದಿಲ್ಲ. 1994ರಿಂದ ಬಂದ 1.8 ಲೀಟರ್ ಕಾರಿನ ದೊಡ್ಡದನ್ನು ಹುಡುಕಿ ಹಾಕಬೇಕು. ಇಷ್ಟಕ್ಕೂ ಮೊದಲು ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳೆಯಿಸಿ. ಒಂದು ಸಿಲಿಂಡರ್ ಉಳಿದ ಮೂರಕ್ಕಿಂತ ತುಂಬಾ ಕಡಿಮೆ ತೋರಿಸಿದರೆ ಟರ್ಬೋ ಮಾತೇ ಬೇಡ.

ಏರ್ ಫಿಲ್ಟರ್, ಹೆಡರ್, ಸೈಲೆನ್ಸರ್ ಹಾಕಿ ಶಕ್ತಿ ಏರಿಸುತ್ತೇವೆ ಎನ್ನುವವರ ಮಾತಿಗೆ ಹಣ ಸುರಿಯಬೇಡಿ. ಈ ಎಂಜಿನ್ನಿನಲ್ಲಿ ಅವೆಲ್ಲ ಸೇರಿ ಕೊಡುವುದು ಬೆರಳೆಣಿಕೆಯ ಕುದುರೆಗಳು. ಶಬ್ದ ಮಾತ್ರ ಜಾಸ್ತಿ.

ನಾನು ಮನಸ್ಸಿಟ್ಟು ಹೇಳುವುದು ಇದು. ಈ ಕಾರಿನ ತೂಕ ಒಂದು ಟನ್ನಿನ ಆಸುಪಾಸು. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್, ಅಂದರೆ ಎರಡೆರಡು ತೋಳು ಹಿಡಿದಿರುವ ಸಸ್ಪೆನ್ಶನ್. ಗೇರ್ ಬಾಕ್ಸಿನಿಂದ ಡಿಫರೆನ್ಶಿಯಲ್‌ವರೆಗೆ ಒಂದು ಉದ್ದನೆ ಅಲ್ಯೂಮಿನಿಯಂ ತೊಲೆ ಕಟ್ಟಿದ್ದಾರೆ, ಅದಕ್ಕೇ ಆಕ್ಸಲರೇಟರ್ ಒತ್ತಿದರೆ ನಡುವೆ ಸಡಿಲವಿಲ್ಲದೆ ಹಿಂದಿನ ಚಕ್ರಕ್ಕೆ ಮುಟ್ಟುತ್ತೆ. ಮಾಜ್ದಾದಲ್ಲಿ ಈ ಕಾರಿನ ಯೋಜನೆಯ ಮುಖ್ಯಸ್ಥರಾಗಿದ್ದ ತೋಶಿಹಿಕೋ ಹಿರಾಯ್ ಅವರ ತಂಡ ಇದನ್ನು ಮಾಡಿದ್ದು ತಿರುವಿಗಾಗಿ, ನೇರ ರಸ್ತೆಯ ಪಂದ್ಯಕ್ಕಲ್ಲ. ನಿಮ್ಮ ಹಣ ಅಲ್ಲಿಗೆ ಹೋಗಲಿ.

ಮೂವತ್ತು ವರ್ಷದ ಶಾಕ್ ಅಬ್ಸಾರ್ಬರ್ ಸತ್ತುಹೋಗಿರುತ್ತೆ. ಒಳ್ಳೆಯ ಕಂಪನಿಯ ಶಾಕು, ಹೊಸ ಬಂಪ್ ಸ್ಟಾಪ್ (ಸಸ್ಪೆನ್ಶನ್ ಕೊನೆ ಮುಟ್ಟಿದಾಗ ತಡೆಯುವ ತುಂಡು), ಹೊಸ ರಬ್ಬರ್ ಬುಷ್ ಹಾಕಿಸಿ. ಕಾರನ್ನು ನೆಲಕ್ಕೆ ಇಳಿಸುವ ಚಟ ಬೇಡ. ಇದರ ಸಸ್ಪೆನ್ಶನ್ ಆಡುವ ಜಾಗವೇ ಕಡಿಮೆ. ಜಾಸ್ತಿ ಇಳಿಸಿದರೆ ಕಾರು ಸದಾ ಬಂಪ್ ಸ್ಟಾಪ್ ಮೇಲೇ ಕೂತಿರುತ್ತೆ, ತಿರುವಿನಲ್ಲಿ ಹಳ್ಳ ಸಿಕ್ಕರೆ ಹಿಂಭಾಗ ಜಿಗಿದುಬಿಡುತ್ತೆ. ಸ್ಪ್ರಿಂಗ್ ಕತ್ತರಿಸುವುದಂತೂ ಬೇಡವೇ ಬೇಡ. ಆಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್. ಅದನ್ನು ಹೊಂದಿಸುವ ಉದ್ದ ಬೋಲ್ಟುಗಳು ತುಕ್ಕಿನಿಂದ ಬುಷ್ ಒಳಗೆ ಕಚ್ಚಿಕೊಂಡಿರುತ್ತವೆ. ಅಂಗಡಿಗೆ ಹೋಗುವ ವಾರದ ಮೊದಲೇ ದಿನಾ ಸ್ವಲ್ಪ ಸ್ವಲ್ಪ ತುಕ್ಕು ಬಿಡಿಸುವ ಎಣ್ಣೆ ಬಿಡಿ.

ಉಳಿದ ಹಣದಲ್ಲಿ ಒಂದು ಆಟೋಕ್ರಾಸ್‌ಗೆ ಹೆಸರು ಕೊಡಿ. ದೊಡ್ಡ ಪಾರ್ಕಿಂಗ್ ಮೈದಾನದಲ್ಲಿ ಕೋನ್ ಇಟ್ಟು, ಒಂದು ಸಲಕ್ಕೆ ಒಂದೇ ಕಾರು ಬಿಡುತ್ತಾರೆ. ಹೊಸಬರ ಪಕ್ಕ ಅನುಭವ ಇರುವವರು ಕೂತು ಹೇಳಿಕೊಡುತ್ತಾರೆ. ಅಲ್ಲಿ ಒಂದು ದಿನ ಓಡಿಸಿ ಬನ್ನಿ. 116 ಕುದುರೆಯನ್ನು ಪೂರ್ತಿ ಬಳಸುವುದೇ ಎಷ್ಟು ಕಷ್ಟ, ಎಷ್ಟು ಖುಷಿ ಎಂದು ಗೊತ್ತಾದ ಮೇಲೂ ಟರ್ಬೋ ಬೇಕೆನಿಸಿದರೆ ಮತ್ತೆ ಬರೆಯಿರಿ. ಯಾವ ಭಾಗ ಮೊದಲು ಎಂದು ಖಂಡಿತ ಹೇಳುತ್ತೇನೆ.

ಪ್ರಶ್ನೆ: ಜಪಾನಿನಿಂದ ಬಂದ ಯೂನೋಸ್ ರೋಡ್‌ಸ್ಟರ್ ಒಂದು ಮಾರಾಟಕ್ಕಿದೆ. ಪೇಂಟ್ ಫಳಫಳ ಹೊಳೆಯುತ್ತಿದೆ. ಇಲ್ಲಿ ತುಕ್ಕಿನ ಕಾಟ ಎನ್ನುತ್ತಾರೆ. ಏನು ನೋಡಬೇಕು? — ಓದುಗರು, ರೆಡಿಂಗ್, ಇಂಗ್ಲೆಂಡ್

ಪೇಂಟ್ ನೋಡಬೇಡಿ. ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ಸಿಲ್ ಕೊನೆಯಾಗುವ ಜಾಗ ಇದೆಯಲ್ಲ, ಅಲ್ಲಿ ಮೊಣಕಾಲೂರಿ ಬೆರಳಿನಿಂದ ಒತ್ತಿ. ಈ ಕಾರು ಸಾಯುವುದೇ ಅಲ್ಲಿಂದ. ಗುಳ್ಳೆ ಎದ್ದಿದ್ದರೆ ಒಳಗೆ ಅದರ ಹತ್ತು ಪಟ್ಟು ತುಕ್ಕು ಇದೆ ಎಂದುಕೊಳ್ಳಿ. ಒಂದು ಸಣ್ಣ ಆಯಸ್ಕಾಂತ ತಗೊಂಡು ಹೋಗಿ. ಅಂಟದಿದ್ದರೆ ಅದು ಲೋಹವಲ್ಲ, ಒಳಗೆ ತುಂಬಿದ ಪುಟ್ಟಿ.

ಕಾರಣ ಹೊರಗಿನ ಉಪ್ಪು ಮಾತ್ರ ಅಲ್ಲ. ಬಟ್ಟೆ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ, ಎರಡೂ ಮೂಲೆಯ ಕೊಳವೆಗಳ ಮೂಲಕ ಕೆಳಗೆ ಹೋಗಬೇಕು. ಅದಕ್ಕೆ ಎಲೆ, ಮಣ್ಣು ತುಂಬಿದರೆ ನೀರು ಸಿಲ್ ಒಳಗೆ ನಿಲ್ಲುತ್ತೆ. ಒಂದು ಲೋಟ ನೀರನ್ನು ನಿಧಾನವಾಗಿ ಹೊಯ್ದು ನೋಡಿ, ಹಿಂದಿನ ಚಕ್ರದ ಮುಂದೆ ನೆಲದ ಮೇಲೆ ಬೀಳಬೇಕು. ಬೀಳದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರ ತೂರಿಸಿ ಬಿಡಿಸಿ. ಕಬ್ಬಿಣದ ತಂತಿ ಬೇಡ, ಕೊಳವೆ ಹರಿಯುತ್ತೆ. ಇದನ್ನು ವರ್ಷಕ್ಕೆ ಎರಡು ಸಲವಾದರೂ ಮಾಡಿ.

ಡಿಕ್ಕಿ ತೆಗೆದು ಬ್ಯಾಟರಿ ಕೂತಿರುವ ಮೂಲೆಯನ್ನೂ ನೋಡಿ. ಈ ಕಾರಿಗೆ ಹೊರಗೆ ಗಾಳಿ ಬಿಡುವ ಕೊಳವೆ ಇರುವ, ಮುಚ್ಚಿದ ಮಾದರಿಯ ಬ್ಯಾಟರಿಯೇ ಬೇಕು. ಯಾರೋ ಮಾಮೂಲಿ ಬ್ಯಾಟರಿ ಇಟ್ಟಿದ್ದರೆ ಆಸಿಡ್ ಆವಿ ಅಲ್ಲಿನ ತಗಡನ್ನು ತಿಂದಿರುತ್ತೆ.

ಜಪಾನಿನ ಕಾರು ಒಳ್ಳೆಯದೇ. ಹೆಚ್ಚಿನವು ಅಲ್ಲಿ ಉಪ್ಪು ಕಾಣದೆ ಬೆಳೆದಿರುತ್ತವೆ. ಆದರೆ ಅವು ಇಂಗ್ಲೆಂಡಿಗೆ ಬಂದು ಎಷ್ಟು ಚಳಿಗಾಲ ಕಳೆದಿವೆ ಎಂಬುದೇ ಮುಖ್ಯ. ನಿಮ್ಮಲ್ಲಿ ಒಂದು ಅನುಕೂಲ ಇದೆ. ನಂಬರ್ ಹಾಕಿದರೆ ಸರ್ಕಾರದ ತಾಣದಲ್ಲಿ 2005ರಿಂದ ಈಚಿನ ಎಂಒಟಿ (ಪ್ರತಿವರ್ಷದ ವಾಹನ ತಪಾಸಣೆ) ಪರೀಕ್ಷೆಗಳ ಇತಿಹಾಸ ಪುಕ್ಕಟೆ ಸಿಗುತ್ತೆ. ‘ಸಿಲ್ ತುಕ್ಕು’ ಎಂಬ ಟಿಪ್ಪಣಿ ಯಾವ ವರ್ಷ ಬಂತು, ಮರುವರ್ಷ ಹೇಗೆ ಮಾಯವಾಯಿತು ನೋಡಿ. ವೆಲ್ಡಿಂಗ್ ಮಾಡಿಸಿದ್ದರೆ ಮಾರುವವರು ಫೋಟೋ ತೋರಿಸಬೇಕು. ತೋರಿಸದಿದ್ದರೆ ಎದ್ದು ಬನ್ನಿ. ಎಂಜಿನ್ ಕೆಲಸ ಬೇಕಾದಷ್ಟಿರುವ, ಆದರೆ ತುಕ್ಕಿಲ್ಲದ ಕಾರು ಯಾವತ್ತೂ ವಾಸಿ.

ಪ್ರಶ್ನೆ: ನಮ್ಮವರು ಆಸೆಪಟ್ಟು 1995ರ ಮಿಯಾಟಾ ತಂದಿದ್ದಾರೆ. ಮಗುವಿಗೆ ಹತ್ತು ತಿಂಗಳು. ಹತ್ತಿರದ ಅಂಗಡಿಗಾದರೂ ಕರೆದುಕೊಂಡು ಹೋಗಬಹುದಾ? — ಓದುಗರು, ಸಿಯಾಟಲ್

ಬೇಡ. ಅಂಗಡಿ ಎಷ್ಟೇ ಹತ್ತಿರ ಇರಲಿ. 1994ರಿಂದ ಅಮೆರಿಕದ ಮಿಯಾಟಾಗಳಲ್ಲಿ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಇದೆ. ಹಿಂದಕ್ಕೆ ಮುಖ ಮಾಡಿ ಕೂರಿಸುವ ಮಗುವಿನ ಸೀಟನ್ನು ಏರ್‌ಬ್ಯಾಗ್ ಎದುರು ಎಂದೂ ಇಡಬಾರದು. ಇದರಲ್ಲಿ ಹಿಂದಿನ ಸೀಟೇ ಇಲ್ಲ. ಮಗು ನಿಮ್ಮ ದೊಡ್ಡ ಕಾರಿನಲ್ಲೇ ಓಡಾಡಲಿ. ಮಗುವನ್ನು ಯಾರಾದರೂ ನೋಡಿಕೊಳ್ಳುವ ಸಂಜೆ ನೀವಿಬ್ಬರೂ ಟಾಪ್ ಇಳಿಸಿಕೊಂಡು ಹೋಗಿಬನ್ನಿ. ಟಾಪ್ ಮಡಚುವ ಮೊದಲು ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿ ಅದನ್ನು ಚಪ್ಪಟೆ ಮಲಗಿಸಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿ ಸೀಳುತ್ತೆ. ಚಳಿಯಲ್ಲಿ ಆ ಪ್ಲಾಸ್ಟಿಕ್ ಸೆಟೆದಿರುತ್ತೆ, ಆಗ ಮುಟ್ಟಬೇಡಿ.

ಪ್ರಶ್ನೆ: ನನ್ನ ಮಿಯಾಟಾ ಸ್ಮಾಗ್ ಟೆಸ್ಟಿನಲ್ಲಿ (ಹೊಗೆ ತಪಾಸಣೆ) ಫೇಲಾಯಿತು. ಹಿಂದಿನವರು ಹಾಕಿದ ಏರ್ ಇಂಟೇಕ್ ಕಾರಣವಂತೆ. — ಓದುಗರು, ಸ್ಯಾನ್ ಹೋಸೆ

ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ನಂತರದ ಪೆಟ್ರೋಲ್ ಕಾರಿಗೆ ಸ್ಮಾಗ್ ಟೆಸ್ಟ್ ಇದೆ, ವಯಸ್ಸಾಯಿತೆಂದು ಬಿಡುವುದಿಲ್ಲ. ಹೊಗೆಗೆ ಸಂಬಂಧಿಸಿದ ಹೊರಗಿನ ಭಾಗ ಹಾಕಿದ್ದರೆ ಅದಕ್ಕೆ ರಾಜ್ಯದ ಏರ್ ಬೋರ್ಡ್ ಕೊಟ್ಟ ಇಓ (ಅನುಮತಿ ಆದೇಶದ) ಸಂಖ್ಯೆ ಇರಬೇಕು. ಇಲ್ಲದಿದ್ದರೆ ಹೊಗೆ ಶುದ್ಧವಾಗಿದ್ದರೂ ಫೇಲು. ಗುಜರಿಯಿಂದ ಮೂಲ ಏರ್ ಬಾಕ್ಸ್ ತಂದು ಹಾಕಿ. ಜೊತೆಗೆ ಹೊಸ ಪ್ಲಗ್ಗು, ಪ್ಲಗ್ ವೈರು ಹಾಕಿ. ಈ ಕಾರುಗಳಲ್ಲಿ ವೈರ್ ಹಳತಾದರೆ ಮಿಸ್ಸಿಂಗ್ ಹೊಡೆಯುತ್ತೆ, ಹೊಗೆಯೂ ಕೆಡುತ್ತೆ. ಟೆಸ್ಟಿಗೆ ಮುಂಚೆ ಅರ್ಧ ಗಂಟೆ ಹೈವೇಯಲ್ಲಿ ಓಡಿಸಿ ಬಿಸಿ ಎಂಜಿನ್ನಿನಲ್ಲೇ ಹೋಗಿ. ಹೊಸ ಮಾಲೀಕರಿಗೆಲ್ಲ ಹೇಳುವುದು: ಹಿಂದಿನವರು ಬಿಚ್ಚಿಟ್ಟ ಮೂಲ ಭಾಗಗಳನ್ನು ಕೊಳ್ಳುವಾಗಲೇ ಕೇಳಿ ಪಡೆಯಿರಿ.

ಪ್ರಶ್ನೆ: ಮುಂದಿನ ವರ್ಷ ಮೈಸೂರಿಗೆ ವಾಪಸ್ ಬರುತ್ತಿದ್ದೇವೆ. ನನ್ನ 1996ರ ಮಿಯಾಟಾ ಹಡಗಿನಲ್ಲಿ ತರಬಹುದಾ? — ಓದುಗರು, ಡಲ್ಲಾಸ್

ಆಗುವುದಿಲ್ಲ. ಭಾರತಕ್ಕೆ ತರುವ ಹಳೇ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ನಿಮ್ಮದು ಎರಡಕ್ಕೂ ಹೊರಗೆ. ಏಜೆಂಟರು ಏನೋ ದಾರಿ ಇದೆ ಎಂದರೆ ಹಣ ಕೊಡಬೇಡಿ. ಚೆನ್ನಾಗಿ ನೋಡಿಕೊಂಡ ಕಾರಿಗೆ ಅಲ್ಲೇ ಒಳ್ಳೆಯ ಬೆಲೆ ಇದೆ. ಸರ್ವೀಸ್ ಚೀಟಿಗಳನ್ನೆಲ್ಲ ವರ್ಷದ ಪ್ರಕಾರ ಜೋಡಿಸಿ ಫೈಲ್ ಮಾಡಿ. ವಸಂತದಲ್ಲಿ ಮಾರಿ, ಚಳಿಗಾಲದಲ್ಲಿ ಬೇಡ.

ಪ್ರಶ್ನೆ: ನನ್ನದು ಮಿಯಾಟಾ ಅಲ್ಲ, 2002ರ ಫಿಯಟ್ ಪಾಲಿಯೋ 1.6. ನಮ್ಮ ಹುಡುಗರಿಗೆ ಇದೇ ಸ್ಪೋರ್ಟ್ಸ್ ಕಾರು! ಇ20 ಪೆಟ್ರೋಲ್ ಹಾಕಿದರೆ ಹಾಳಾಗುತ್ತಾ? ಜೋರು ಸೈಲೆನ್ಸರ್ ಹಾಕಿಸಲಾ? — ಓದುಗರು, ಬಸವನಗುಡಿ

ಇದೂ ಸ್ಪೋರ್ಟ್ಸ್ ಕಾರೇ. ಆ ಕಾಲದಲ್ಲಿ ನಮ್ಮ ರಸ್ತೆಗೆ 100 ಕುದುರೆ ಶಕ್ತಿಯ ಸಣ್ಣ ಕಾರು ಎಂದರೆ ಸುಮ್ನೆ ಅಲ್ಲ.

ಇ20ಯಲ್ಲಿ ಐದರಲ್ಲಿ ಒಂದು ಪಾಲು ಎಥನಾಲ್. ಅದು ನೀರು ಹೀರುತ್ತೆ, ಹಳೇ ರಬ್ಬರನ್ನು ಉಬ್ಬಿಸಿ ಸೀಳಿಸುತ್ತೆ. 2002ರ ಕಾರಿನ ಪೆಟ್ರೋಲ್ ಹೋಸು, ಇಂಜೆಕ್ಟರಿನ ಓ-ರಿಂಗುಗಳನ್ನು ಇದಕ್ಕಾಗಿ ಮಾಡಿರಲಿಲ್ಲ. ಟ್ಯಾಂಕಿನಿಂದ ಎಂಜಿನ್‌ವರೆಗೆ ಎಲ್ಲಾ ರಬ್ಬರ್ ಹೋಸನ್ನು ಎಥನಾಲ್ ತಡೆಯುವ ದರ್ಜೆಯದಕ್ಕೆ ಬದಲಿಸಿ. ಇದು ಬೆಂಕಿಯ ವಿಷಯ, ಮುಂದೂಡಬೇಡಿ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಆ ದಿನ ಓಡಿಸಬೇಡಿ. ತಿಂಗಳುಗಟ್ಟಲೆ ನಿಲ್ಲಿಸುವಂತಿದ್ದರೆ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡಬೇಡಿ. ಮೈಲೇಜ್ ಸ್ವಲ್ಪ ಇಳಿಯುತ್ತೆ, ಅದಕ್ಕೆ ಮದ್ದಿಲ್ಲ.

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತು? ನೀವು ಬರೆದಿಲ್ಲ. ಮಿಯಾಟಾದ ಹಾಗಲ್ಲ, ಇದರಲ್ಲಿ ಬೆಲ್ಟ್ ಹರಿದರೆ ಎಂಜಿನ್ ಉಳಿಯುವುದಿಲ್ಲ, ವಾಲ್ವ್‌ಗಳು ಬಾಗುತ್ತವೆ. ಫಿಯಟ್ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿರುವುದರಿಂದ ಒಳ್ಳೆಯ ಬೆಲ್ಟ್, ಟೆನ್ಶನರ್ ಸಿಕ್ಕಾಗ ಒಂದು ಜೊತೆ ಹೆಚ್ಚಿಗೆ ತೆಗೆದಿಡಿ.

ಸೈಲೆನ್ಸರ್ ಬೇಡ. ಕಂಪನಿ ಕೊಟ್ಟ ಮೂಲ ರಚನೆಗೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. 15 ವರ್ಷ ದಾಟಿದ ನಿಮ್ಮ ಕಾರು ಐದೈದು ವರ್ಷಕ್ಕೆ ಆರ್‌ಟಿಒ ಮುಂದೆ ಹೋಗಿ ನೋಂದಣಿ ನವೀಕರಿಸಿಕೊಳ್ಳಬೇಕು. ಆಗ ಕಾರು ಮೂಲ ರೂಪದಲ್ಲಿದ್ದರೆ ನಿಮಗೇ ನೆಮ್ಮದಿ. ಆ ಹಣಕ್ಕೆ ಒಳ್ಳೆಯ ಟೈರು, ಶಾಕು, ಬ್ರೇಕ್ ಪ್ಯಾಡ್ ಬರುತ್ತೆ.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿದ್ದೇನೆ, ಗ್ಯಾರೇಜ್ ಇಲ್ಲ. ಆದರೂ ನನ್ನ ಮಿಯಾಟಾ ಕೆಲಸ ನಾನೇ ಕಲಿಯಬೇಕೆಂದಿದೆ. ಎಲ್ಲಿಂದ ಶುರು ಮಾಡಲಿ? ಭಾಗಗಳು ಮುಂದೆಯೂ ಸಿಗುತ್ತವಾ? — ಓದುಗರು, ಟ್ರಾಯ್, ಮಿಷಿಗನ್

ಸಿಗುತ್ತವೆ. ಮಾಜ್ದಾ 2017ರಲ್ಲಿ ಜಪಾನಿನಲ್ಲಿ ಈ ಮೊದಲ ತಲೆಮಾರಿನ ಕಾರನ್ನು ತಾನೇ ದುರಸ್ತಿ ಮಾಡಿಕೊಡುವ ಯೋಜನೆ ಪ್ರಕಟಿಸಿತು. ಬಟ್ಟೆ ಟಾಪು, ನಾರ್ಡಿ ಸ್ಟೀರಿಂಗ್ ಚಕ್ರದಂಥ ಭಾಗಗಳನ್ನು ಮತ್ತೆ ತಯಾರಿಸತೊಡಗಿತು. ಹೊರಗಿನ ಕಂಪನಿಗಳೂ ಬೇಕಾದಷ್ಟಿವೆ.

ಮೊದಲು ನಿಮ್ಮ ವರ್ಷದ ಕಾರ್ಖಾನೆ ವರ್ಕ್‌ಶಾಪ್ ಕೈಪಿಡಿ ಸಂಪಾದಿಸಿ. ಆಮೇಲೆ ಮೆಟ್ರಿಕ್ ಸಾಕೆಟ್ ಸೆಟ್, ಟಾರ್ಕ್ ಪಾನಾ, ಒಳ್ಳೆಯ ಜಾಕಿ, ಎರಡು ಜೊತೆ ಜಾಕ್ ಸ್ಟ್ಯಾಂಡ್. ಬೋಲ್ಟೆಲ್ಲ 10, 12, 14, 17 ಎಂಎಂನಲ್ಲೇ ಮುಗಿಯುತ್ತೆ. ಎಂಜಿನ್ ಆಯಿಲ್, ಪ್ಲಗ್ಗು, ಪ್ಲಗ್ ವೈರು, ಟಾಪಿನ ಕೊಳವೆ, ಬ್ರೇಕ್ ಪ್ಯಾಡ್, ಇವೆಲ್ಲ ಪಾರ್ಕಿಂಗ್ ಜಾಗದಲ್ಲೇ ಆಗುವ ಕೆಲಸ. ನಿಮ್ಮ ಅಪಾರ್ಟ್‌ಮೆಂಟಿನವರನ್ನು ಒಂದು ಮಾತು ಕೇಳಿಕೊಳ್ಳಿ. ಆಯಿಲ್ ಫಿಲ್ಟರ್ ಇಂಟೇಕ್ ಮ್ಯಾನಿಫೋಲ್ಡಿನ ಅಡಿ ಅಡಗಿದೆ. ಕಣ್ಣಿಗೆ ಕಾಣದು, ಕೈ ತೂರಿಸಿ ತಡವಿಯೇ ಹಿಡಿಯಬೇಕು. ಎಂಜಿನ್ ಆರಿದ ಮೇಲೆ ಮಾಡಿ. ಹಳೇ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡಿಲ್ಲವೆಂದು ಬೆರಳಿಟ್ಟು ಖಾತ್ರಿ ಮಾಡಿಕೊಳ್ಳಿ, ಅದರ ಮೇಲೆ ಹೊಸದು ಕೂತರೆ ಆಯಿಲೆಲ್ಲ ಹೊರಗೆ.

ಎತ್ತುವಾಗ ಮುಂದೆ ಸಸ್ಪೆನ್ಶನಿನ ಕ್ರಾಸ್ ಮೆಂಬರ್ ಮಧ್ಯಕ್ಕೆ, ಹಿಂದೆ ಡಿಫರೆನ್ಶಿಯಲಿಗೆ ಜಾಕಿ ಕೊಡಿ. ಸಿಲ್ ಅಂಚಿಗೆ ಅಡ್ಡಾದಿಡ್ಡಿ ಕೊಟ್ಟರೆ ತಗಡು ಮಡಚಿ ಅಲ್ಲಿಂದಲೇ ತುಕ್ಕು ಶುರುವಾಗುತ್ತೆ. ಬರೀ ಜಾಕಿ ಮೇಲಿರುವ ಕಾರಿನ ಕೆಳಗೆ ಒಂದು ಕ್ಷಣವೂ ಹೋಗಬೇಡಿ, ಕೈ ಕೂಡ ಹಾಕಬೇಡಿ. ಸ್ಟ್ಯಾಂಡ್ ಕೊಟ್ಟ ಮೇಲೆ ಕಾರನ್ನು ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ. ಚಕ್ರದ ನಟ್ಟುಗಳ ಬಿಗಿ 65ರಿಂದ 87 ಪೌಂಡ್-ಅಡಿ. ಎದುರುಬದುರು ಹಿಡಿದು ಬಿಗಿ ಮಾಡಿ, ಐವತ್ತು ಮೈಲಿ ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ಪಾನಾ ಹಾಕಿ ನೋಡಿ.